ಮೇಣದೊಳಗಿದ್ದ ಪುದೀನಾ

ಪುದೀನಾ ವಾಸನೆ ಮೊದಲು ಬಂತು. ಅದರ ಹಿಂದೆ ಮನುಷ್ಯ ಬಂದ.

ಲ್ಯಾಬಿನ ಕಿಟಕಿಯ ಒಳಗೆ, ಮಾಸ್ಕ್ ಹಾಕಿಕೊಂಡು ಗಾಜಿನ ಸ್ಲೈಡುಗಳಿಗೆ ನಂಬರ್ ಬರೆಯುತ್ತಿದ್ದವಳ ಪೆನ್ನು ನಿಂತಿತು. 'ಬೇಡ... ತಲೆ ಎತ್ತಬೇಡ' ಅಂದುಕೊಂಡಳು. ಎತ್ತಿದಳು.

ಅವನೇ. ಅರ್ಧಕ್ಕರ್ಧ ಇಳಿದುಹೋಗಿದ್ದ. ಅಂಗಿಯ ಕಾಲರ್ ಕುತ್ತಿಗೆಗೆ ಸಡಿಲವಾಗಿತ್ತು.

"ಮೇಡಂ, ಹಿಂದೆ ನನ್ನ ಹೊಟ್ಟೆಯಿಂದ ಚೂರು ತೆಗೆದಿದ್ರಲ್ಲ, ಆ ಬ್ಲಾಕ್ ಬೇಕಿತ್ತು," ಎಂದು ಚೀಟಿ ಮುಂದಿಟ್ಟ. "ಆಪರೇಷನ್ ಮಾಡೋ ಆಸ್ಪತ್ರೆಯವರು ನೋಡ್ಬೇಕಂತೆ."

ಮಾಸ್ಕಿನ ಹಿಂದಿರುವುದು ಯಾರೆಂದು ಅವನಿಗೆ ಗೊತ್ತಾಗಲಿಲ್ಲ. ಅವಳು ಮಾತಾಡದೆ ಚೀಟಿ ಹಿಡಿದು ಒಳಗೆ ನಡೆದಳು.

ಮೂರು ವರ್ಷದ ಹಿಂದೆ ಅವಳು ಅವನನ್ನು 'ಪುದೀನಾ' ಎಂದೇ ಕರೆಯುತ್ತಿದ್ದಳು. ಬಸ್ ಓಡಿಸುವ ಕೆಲಸ, ಹೊತ್ತಿಗೆ ಸರಿಯಾಗಿ ಊಟವಿಲ್ಲ, ಹೊಟ್ಟೆ ಉರಿಗೆಂದು ಸದಾ ಬಾಯಲ್ಲೊಂದು ಪುದೀನಾ ಮಾತ್ರೆ. ಅವಳ ತೋಳಿಗೆ ಅಂಟಿರುತ್ತಿದ್ದ ಲ್ಯಾಬಿನ ಮೇಣದ ಸಿಪ್ಪೆ ಕಿತ್ತು, ಅವನು 'ಮೇಣದ ಗೊಂಬೆ' ಎಂದು ಛೇಡಿಸುತ್ತಿದ್ದ. ಮದುವೆಯೂ ಗೊತ್ತಾಗಿತ್ತು.

ಒಂದು ಸಂಜೆ ಬಸ್ಸಿನಿಂದ ಇಳಿದು ಬಂದವನು, "ನಂಗೆ ಬೇರೆ ಹುಡುಗಿ ಇಷ್ಟ ಆಗಿದಾಳೆ," ಎಂದು ಹೇಳಿ ಮತ್ತೆ ಬಸ್ ಹತ್ತಿ ಹೊರಟೇಹೋದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಇನ್ನೊಬ್ಬಳನ್ನು ಅವಳು ಎಷ್ಟು ಬೈದುಕೊಂಡಿದ್ದಳೆಂದರೆ, ಪಾಪ, ಆ ಹುಡುಗಿಯ ಬಿಕ್ಕಳಿಕೆ ಇವತ್ತಿಗೂ ನಿಂತಿರಲಾರದು.

ಡ್ರಾಯರ್ ಎಳೆದು ಬ್ಲಾಕ್ ಹುಡುಕಿದಳು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಮೇಣದ ಬಿಲ್ಲೆ, ಅದರೊಳಗೆ ಹೊಟ್ಟೆಯ ಒಳಪದರದ ಸಾಸಿವೆಯಷ್ಟು ಚೂರು. ಅಂಚಿನಲ್ಲಿ ನಂಬರ್. ಅವಳದೇ ಕೈಬರಹ.

ನೆನಪಾಯಿತು.

ಲ್ಯಾಬಿಗೆ ಬರುವ ಚೂರುಗಳಿಗೆ ಹೆಸರಿರುವುದಿಲ್ಲ, ನಂಬರ್ ಅಷ್ಟೇ; ಇದು ಅವನದೆಂದು ಅಂದು ಅವಳಿಗೆ ಗೊತ್ತಿರಲಿಲ್ಲ. ಇದರಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿತ್ತು. ಜೀವಕೋಶಗಳು ಮನಸ್ಸಿಗೆ ಬಂದಂತೆ ಬೆಳೆಯದ ಹಾಗೆ ಕಡಿವಾಣ ಹಿಡಿಯುವ ಒಂದು ಜೀನ್ ಇರುತ್ತದೆ. ಅದು ಕೆಟ್ಟಿದೆಯೇ ಎಂದು ನೋಡಲು ಅವಳೇ ಬಣ್ಣ ಹಾಕಿದ್ದಳು. ಕೆಟ್ಟಿದ್ದರೆ ಕಂದು. ಅವತ್ತು ಕಂದು ಬಣ್ಣ ಅಚ್ಚುಕಟ್ಟಾಗಿ ಹತ್ತಿತ್ತು. "ನೋಡಿ ಡಾಕ್ಟರಮ್ಮ, ಎಷ್ಟು ಚೆನ್ನಾಗಿ ಬಂದಿದೆ," ಎಂದು ಲ್ಯಾಬಿನ ಡಾಕ್ಟರಿಗೆ ಹೆಮ್ಮೆಯಿಂದ ತೋರಿಸಿದ್ದಳು.

ಅದೇ ವಾರ ಅವನು ಬಸ್ಸಿನಿಂದ ಇಳಿದು ಬಂದಿದ್ದು.

ಕಿಟಕಿಗೆ ಬಂದು ಮಾಸ್ಕ್ ಕೆಳಗೆಳೆದಳು.

"ಯಾರವಳು?"

ಅವನು ಕಿಟಕಿಯ ಅಂಚು ಹಿಡಿದುಕೊಂಡ. "ನೀನಾ... ಇನ್ನೂ ಇಲ್ಲೇ ಇದೀಯಾ?"

"ಕೇಳಿದ್ದಕ್ಕೆ ಹೇಳು. ಯಾರು ಆ ಹುಡುಗಿ?"

"ಯಾರೂ ಇರ್ಲಿಲ್ಲ."

ಅವನು ನೆಲ ನೋಡುತ್ತ ಹೇಳಿದ, "ಅಮ್ಮ ಹೊಟ್ಟೆ ಕ್ಯಾನ್ಸರಲ್ಲಿ ಹೋಗಿದ್ದು ನಿಂಗೊತ್ತು. ನನ್ನ ರಿಪೋರ್ಟಲ್ಲೂ ಜೀನ್ ಕೆಟ್ಟಿದೆ ಅಂತ ಬಂತು. ಇದು ನಮ್ಮ ವಂಶದಲ್ಲೇ ಇದೆ, ನಾಳೆ ಮಕ್ಕಳಿಗೂ ಬರುತ್ತೆ ಅನ್ನಿಸ್ತು. ನಿನ್ನ ಬಾಳು ಯಾಕೆ ಹಾಳು ಮಾಡ್ಲಿ ಅಂತ..."

"ಡಾಕ್ಟರ್ ಔಷಧಿ ಕೊಟ್ಟಿರ್ಲಿಲ್ವಾ? ಮತ್ತೆ ಬಂದು ತೋರಿಸು ಅಂದಿರ್ಲಿಲ್ವಾ?"

"ಅಂದಿದ್ರು. ಹಣೇಲಿ ಬರೆದಿದ್ದಕ್ಕೆ ಔಷಧಿ ಯಾಕೆ ಅಂತ ಹೋಗ್ಲಿಲ್ಲ."

ಹೇಳಬೇಕೋ, ಬೇಡವೋ... ಹೇಳಿದರೆ ಅವನಿಗೆ ಇನ್ನಷ್ಟು ನೋವು. ಹೇಳದಿದ್ದರೆ, ಇಬ್ಬರ ನಡುವೆ ಮತ್ತೊಂದು ಸುಳ್ಳು. ಸುಳ್ಳಿನಿಂದ ಅವಳು ಸಾಕಷ್ಟು ಅನುಭವಿಸಿದ್ದಳು.

"ಅದು ವಂಶದ್ದಲ್ಲ," ಎಂದಳು ಮೆಲ್ಲಗೆ. "ಡಾಕ್ಟರಮ್ಮ ಇದನ್ನ ಎಷ್ಟೋ ಜನಕ್ಕೆ ಹೇಳೋದು ಕೇಳಿದೀನಿ. ಜೀನ್ ಕೆಟ್ಟಿದ್ದು ಹೊಟ್ಟೆಯ ಆ ಜಾಗದಲ್ಲಿ ಮಾತ್ರ. ಬ್ಯಾಕ್ಟೀರಿಯಾ ವರ್ಷಗಟ್ಟಲೆ ಒಳಗಿದ್ದು ಕೆಡಿಸಿದ್ದು. ಮಕ್ಕಳಿಗೆ ಹೋಗಲ್ಲ."

"ಮತ್ತೆ ಅಮ್ಮಂಗೆ?"

"ಚಿಕ್ಕೋನಿದ್ದಾಗ ಅಮ್ಮನ ತಟ್ಟೇಲೇ ಉಣ್ತಿದ್ದೆ ಅಂತಿದ್ಯಲ್ಲ. ಅವರಿಗೂ ಅದೇ ಬ್ಯಾಕ್ಟೀರಿಯಾ ಇದ್ದು, ನಿಂಗೆ ಹಾಗೇ ಬಂದಿರಬಹುದು. ಔಷಧಿ ತಗೊಂಡು, ಆ ಜಾಗ ತೆಗೆಸಿದ್ದಿದ್ರೆ ಅವತ್ತೇ ವಾಸಿಯಾಗ್ತಿತ್ತು."

"ಹಾಗಾದ್ರೆ ಈ ಮೂರು ವರ್ಷ..." ಎಂದ ಅವನು. ಅವಳಿಗಾಗಿ ದೂರ ಹೋದೆ ಎಂಬುದೊಂದೇ ಅವನಿಗಿದ್ದ ಸಮಾಧಾನ. ಈಗ ಅದೂ ಇಲ್ಲ. ಮಿಂಚಿದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುವವರು ಎನ್ನಲಿ, ಕಿಟಕಿಯ ಆಚೆಗೂ ಈಚೆಗೂ ಇಬ್ಬರೂ ಅತ್ತರು.

"ತಪ್ಪಾಯ್ತು. ಹೊಟ್ಟೆಗೆ ಹಾಕ್ಕೋ."

"ಹಾಕ್ಕೊಳ್ಳಲ್ಲ. ಒಂದು ಮಾತು ನನ್ನ ಕೇಳಿದ್ರೆ ಸಾಕಿತ್ತು."

ಅವನು ಬ್ಲಾಕಿಗೆ ಕೈ ಚಾಚಿದ. ಅವಳು ಅದನ್ನು ಹತ್ತಿಯಲ್ಲಿ ಸುತ್ತಿ ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು.

"ಬಿಸಿಲಿಗೆ ಕರಗುತ್ತೆ. ನಾನೇ ತರ್ತೀನಿ. ಆಪರೇಷನ್ ದಿನಾನೂ ಬರ್ತೀನಿ."

"ಬೇಡ ಗೊಂಬೆ. ಹೊಟ್ಟೆ ತೆರೆದು ನೋಡಿದ್ಮೇಲೇ ಎಷ್ಟು ಹರಡಿದೆ ಅಂತ ಗೊತ್ತಾಗೋದಂತೆ. ಯಾಕೆ ನಿಂಗೆ ಈ..."

"ಮತ್ತೆ ಶುರು ಮಾಡ್ಬೇಡ. ನನ್ನ ಬಾಳಿನ ವಿಷಯ ಈ ಸಲ ನಾನು ತೀರ್ಮಾನ ಮಾಡ್ತೀನಿ."

ಬಾಗಿಲು ತೆಗೆದು ಹೊರಗೆ ಬಂದು ಬೆಂಚಿನ ಮೇಲೆ ಅವನ ಪಕ್ಕ ಕೂತಳು. ಅವನ ಕೈ ತಣ್ಣಗಿತ್ತು.

"ಪುದೀನಾ ಮಾತ್ರೆ ಇದೆಯಾ?"

"ಇದೆ. ನಿಂಗ್ಯಾಕೆ?"

"ಈ ವಾಸನೆ ಬಂದ ಕಡೆಯಿಂದೆಲ್ಲ ಎದ್ದು ಹೋಗಿದೀನಿ ನಾನು. ಕೊಡು."

ಕೊಟ್ಟ. ಅಗಿದು ಮುಖ ಹುಳ್ಳಗೆ ಮಾಡಿದಳು.

"ಥೂ, ಸೀಮೆಸುಣ್ಣ ತಿಂದ ಹಾಗಿದೆ."

"ದಿನ ಕಳೆದ ಹಾಗೆ ಅಭ್ಯಾಸ ಆಗುತ್ತೆ."

"ಹಾಗಾದ್ರೆ ದಿನ ಕೊಡು ನಂಗೆ."

ಅವನು ಮಾತ್ರೆಯ ಪೊಟ್ಟಣ ಮಡಚಿದ. "ಎಷ್ಟಿದೆಯೋ ಗೊತ್ತಿಲ್ಲ ಕಣೇ."

ಅವಳು ಅವನ ಭುಜಕ್ಕೆ ತಲೆಯಿಟ್ಟಳು.

"ಇದ್ದಷ್ಟೂ ಕೊಡು."