ತಲೆಕೆಳಗಾದ ಬಿಸಿಲುಗೊಂಬೆ

“ಏ ನಾಗಿಸಾ, ಇದ್ರಲ್ಲಿ ಚಿಯೊರಿ ಹೆಸರೇ ಇಲ್ವಲ್ಲೇ!”

ರೆಂಜಿ ಗೋಡೆಪತ್ರಿಕೆಗೆ ಮೂಗು ತಾಗಿಸಿಕೊಂಡು ನಿಂತಿದ್ದ. ನಾಲ್ಕನೇ ತರಗತಿಯ ಹಿಂದಿನ ಗೋಡೆಗೆ ನಾಗಿಸಾ ಆಗಷ್ಟೇ ಹೊಸ ಹಾಳೆ ಅಂಟಿಸಿದ್ದಳು. ತರಗತಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ರೆಂಜಿಗೆ ಮೊಲದ ಗೂಡು, ಚಿಯೊರಿಗೆ ಊಟ ಬಡಿಸುವುದು, ನಾಗಿಸಾಳಿಗೆ ಪತ್ರಿಕೆ. ಅದರಲ್ಲೂ ‘ಬರಲಿರುವ ಸಿನಿಮಾಗಳು’ ಎಂಬ ಭಾಗವೆಂದರೆ ಅವಳಿಗೆ ಪ್ರಾಣ.

“ಜಾಗ ಸಾಲ್ಲಿಲ್ಲ,” ಅಂದಳು ನಾಗಿಸಾ.

“ಹೀರೋಯಿನ್‌ಗೆ ಯಾವ ಐಸ್‌ಕ್ರೀಮ್ ಇಷ್ಟ ಅಂತ ಬರೆಯೋಕೆ ಜಾಗ ಇತ್ತು! ನಮ್ಮ ಕ್ಲಾಸ್ ಹುಡುಗಿ ಹೆಸರಿಗೆ ಮಾತ್ರ ಇಲ್ವಾ?”

“ನಿನ್ನ ಮೊಲಕ್ಕೆ ಹುಲ್ಲು ಹಾಕು ಹೋಗು!”

ರೆಂಜಿ ನಾಲಿಗೆ ಚಾಚಿ ಓಡಿದ. ನಾಗಿಸಾ ಅಂಟಿನ ಡಬ್ಬಿಯ ಮುಚ್ಚಳವನ್ನು ಬೇಕೆಂದೇ ಜೋರಾಗಿ ತಿರುಗಿಸಿದಳು.

‘ಕೊನೆಯ ದೋಣಿ ಹೊರಟ ಮೇಲೆ’ ಎಂಬ ಸಿನಿಮಾದ ಚಿತ್ರೀಕರಣ ಅವರ ದ್ವೀಪದಲ್ಲೇ ನಡೆಯುತ್ತಿತ್ತು. ನಾಯಕಿ ಶಿರಾಮೊರಿ ರುಯಿ. ಅವಳ ಬಗ್ಗೆ ನಾಗಿಸಾಳಿಗೆ ತಿಳಿಯದ್ದು ಯಾವುದೂ ಇರಲಿಲ್ಲ. ಯಾವ ಸಿನಿಮಾದಲ್ಲಿ ಎಷ್ಟು ಅತ್ತಳು, ಯಾವುದರಲ್ಲಿ ಕೂದಲು ಕತ್ತರಿಸಿಕೊಂಡಳು, ಎಲ್ಲವೂ ಬಾಯಿಪಾಠ. ನಾಯಕಿಯ ಕೈ ಹಿಡಿದುಕೊಂಡು ಒಂದೇ ಒಂದು ಮಾತು ಆಡುವ ಪುಟ್ಟ ತಂಗಿಯ ಪಾತ್ರಕ್ಕೆ ಊರಿನ ಹುಡುಗಿ ಬೇಕು ಎಂದು ಸಿನಿಮಾದವರು ಶಾಲೆಗೆ ಬಂದಾಗ, ಆ ಪಾತ್ರ ತನಗೇ ಬರೆದಿಟ್ಟಿದ್ದು ಅಂದುಕೊಂಡಿದ್ದಳು.

ಪಾತ್ರದ ಆಯ್ಕೆಗೆ ಒಬ್ಬಳೇ ಹೋಗಲು ಭಯವಾಗಿ ಜೊತೆಗೆ ಚಿಯೊರಿಯನ್ನು ಎಳೆದುಕೊಂಡು ಹೋಗಿದ್ದಳು. ಚಿಯೊರಿಗೆ ಸಿನಿಮಾ ಎಂದರೆ ನಿದ್ದೆ. ದೀಪ ಆರಿಸಿದ ಕೂಡಲೇ ತೂಕಡಿಸುವವಳು.

“ಅಕ್ಕಾ, ದೋಣಿ ಹೋಯ್ತು,” ಎಂದು ಇಬ್ಬರಿಂದಲೂ ಹೇಳಿಸಿದರು. ನಾಗಿಸಾ ಎದೆಯ ಮೇಲೆ ಕೈಯಿಟ್ಟು, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು. ಚಿಯೊರಿ ಸುಮ್ಮನೆ ಕಿಟಕಿಯ ಆಚೆಯ ಸಮುದ್ರ ನೋಡಿ, ನಿಜವಾಗಿಯೂ ದೋಣಿ ಹೋಗಿಬಿಟ್ಟಿದೆ ಎಂಬಂತೆ ಹೇಳಿದಳು.

ಅವರು ಚಿಯೊರಿಯನ್ನು ಆರಿಸಿದರು. ಅಂದಿನಿಂದ ನಾಗಿಸಾಳ ಹೊಟ್ಟೆಯಲ್ಲಿ ಮೀನಿನ ಮುಳ್ಳೊಂದು ಸಿಕ್ಕಿಕೊಂಡ ಹಾಗಿತ್ತು.

ಮಧ್ಯಾಹ್ನ ಟೀಚರ್ ಎಲ್ಲರಿಗೂ ಬಿಳಿ ಬಟ್ಟೆಯ ತುಂಡು ಹಂಚಿದರು. “ನಾಳೆ ಚಿಯೊರಿಯ ದೃಶ್ಯ. ರುಯಿ ಅವರು ನಾಳೆ ಸಂಜೆಯ ದೋಣಿಗೇ ಟೋಕಿಯೊಗೆ ವಾಪಸ್ ಹೋಗ್ತಾರಂತೆ. ಇದು ಮಳೆಗಾಲ ಬೇರೆ. ಎಲ್ಲರೂ ಬಿಸಿಲುಗೊಂಬೆ ಮಾಡೋಣ!”

ಕಾಗದ ಮುದ್ದೆ ಮಾಡಿ, ಅದಕ್ಕೆ ಬಟ್ಟೆ ಸುತ್ತಿ, ಕುತ್ತಿಗೆಗೆ ದಾರ ಕಟ್ಟಿದರೆ ಗೊಂಬೆ ಆಯಿತು. ಕಿಟಕಿಗೆ ತೂಗುಹಾಕಿದರೆ ಮರುದಿನ ಬಿಸಿಲು ಬರುತ್ತದೆ. ಕಣ್ಣು, ಬಾಯಿ ಬರೆಯುವುದು ಬಿಸಿಲು ಬಂದ ಮೇಲೆಯೇ. ಅಲ್ಲಿಯವರೆಗೆ ಅದರ ಮುಖ ಖಾಲಿ.

ತಲೆಕೆಳಗೆ ತೂಗುಹಾಕಿದರೆ ಮಳೆ. ಅದನ್ನು ಟೀಚರ್ ಹೇಳಲಿಲ್ಲ. ಓಟದ ಪಂದ್ಯ ಬೇಡವಾದ ಮಕ್ಕಳು ಒಬ್ಬರ ಕಿವಿಯಲ್ಲೊಬ್ಬರು ಹೇಳಿಕೊಂಡು ಬಂದ ಮಾತು ಅದು.

ನಾಗಿಸಾ ತನ್ನ ಗೊಂಬೆಯನ್ನು ಚೀಲಕ್ಕೆ ಹಾಕಿಕೊಂಡಳು. ಮನೆಗೆ ಹೋಗುವ ಏರುದಾರಿಯಲ್ಲಿ ಕೆಂಪು ಬಟ್ಟೆ ಕಟ್ಟಿಕೊಂಡ ಕಲ್ಲಿನ ಜಿಜೋ ದೇವರಿದ್ದಾನೆ. ಮಕ್ಕಳನ್ನು ಕಾಯುವವನು. ಅವನಿಗೆ ತಲೆ ಬಾಗಿಸದೆ ಅವಳು ಎಂದೂ ಮುಂದೆ ಹೋದವಳಲ್ಲ. ಅಂದು ದಾರಿಯ ಇನ್ನೊಂದು ಬದಿಯನ್ನು ನೋಡಿಕೊಂಡೇ ನಡೆದುಬಿಟ್ಟಳು.

ಮನೆಯ ಕೆಳಗಿನ ಅಮ್ಮನ ಬುತ್ತಿ ಅಂಗಡಿಯಲ್ಲಿ ಮರುದಿನ ಸಿನಿಮಾದವರಿಗೆ ಕೊಡುವ ಊಟಕ್ಕೆ ತಯಾರಿ ನಡೆದಿತ್ತು. ನಾಗಿಸಾ ಮೇಲೆ ಹೋಗಿ, ಬಟ್ಟೆ ಒಣಗಿಸುವ ಕೋಲಿಗೆ, ಟವೆಲಿನ ಮರೆಯಲ್ಲಿ, ಗೊಂಬೆಯನ್ನು ತಲೆಕೆಳಗಾಗಿ ಕಟ್ಟಿದಳು.

ಶನಿವಾರ ಬೆಳಿಗ್ಗೆ ಎದ್ದಾಗ ಮಾಡಿನ ಮೇಲೆ ಮಳೆಯ ಸದ್ದು.

ನಾಗಿಸಾ ಹೊದಿಕೆಯೊಳಗೇ ನಕ್ಕಳು. ಆದರೆ ಆ ನಗು ತಿಂಡಿ ತಿನ್ನುವವರೆಗೂ ಉಳಿಯಲಿಲ್ಲ.

“ಮಳೆ ಬಂದ್ರೆ ಹೊಟ್ಟೆ ಸುಮ್ನಿರುತ್ತಾ?” ಅಂದರು ಅಮ್ಮ. “ಬಾ, ಬುತ್ತಿ ಎತ್ಕೋ. ದೋಣಿಕಟ್ಟೆಗೆ ಹೋಗೋಣ.”

ದೋಣಿಕಟ್ಟೆಯ ತಗಡಿನ ಮಾಡಿನ ಕೆಳಗೆ ಎಲ್ಲರೂ ಆಕಾಶ ನೋಡುತ್ತ ಕೂತಿದ್ದರು. ಶಿರಾಮೊರಿ ರುಯಿ ಕೂಡ ಮೊಣಕಾಲಿನ ಮೇಲೆ ಕಂಬಳಿ ಹಾಕಿಕೊಂಡು ಆಕಾಶವನ್ನೇ ನೋಡುತ್ತಿದ್ದಳು. ಟೋಪಿ ಹಾಕಿದ ನಿರ್ದೇಶಕರು ಪಕ್ಕದವನಿಗೆ ಮೆಲ್ಲಗೆ ಹೇಳಿದ್ದು ಬುತ್ತಿ ಹಿಡಿದು ನಿಂತಿದ್ದ ನಾಗಿಸಾಳಿಗೆ ಕೇಳಿಸಿತು.

“ಮೂರು ಗಂಟೆವರೆಗೆ ನೋಡೋಣ. ಮಳೆ ಬಿಡದಿದ್ರೆ ಆ ಮಗು ಸೀನ್ ಕೈಬಿಡೋಣ. ಪಾಪ, ಬೆಳಿಗ್ಗೆಯಿಂದ ಕೂತಿದೆ.”

ಇದೇ ತಾನೆ ಅವಳು ಬೇಡಿಕೊಂಡದ್ದು? ಹಾಗಿದ್ದರೂ ಕೈಯಲ್ಲಿದ್ದ ಬುತ್ತಿ ಏಕೋ ಭಾರವಾಯಿತು.

“ನಾಗಿಸಾ! ಬಂದ್ಯಾ!”

ಹಳೇ ಕಾಲದ ನೀಲಿ ಕಿಮೊನೊ ತೊಟ್ಟ ಚಿಯೊರಿ ಓಡಿಬಂದು ಅವಳ ತೋಳು ಹಿಡಿದುಕೊಂಡಳು. “ಬೆಳಿಗ್ಗೆಯಿಂದ ನಿನ್ನ ದಾರೀನೇ ನೋಡ್ತಿದ್ದೆ ಕಣೇ. ಇಲ್ಲಿ ನಂಗೆ ಯಾರೂ ಗೊತ್ತಿಲ್ಲ. ರುಯಿ ಅಕ್ಕ ಪಕ್ಕದಲ್ಲೇ ಕೂತ್ರೂ ಏನ್ ಮಾತಾಡ್ಬೇಕು ಅಂತಾನೇ ತಿಳೀಲಿಲ್ಲ. ಅವ್ರ ಐಸ್‌ಕ್ರೀಮ್ ಹೆಸರೊಂದೇ ನೆನಪಿತ್ತು.”

“ಯಾವ ಐಸ್‌ಕ್ರೀಮ್?”

“ಉಪ್ಪು ನಿಂಬೆದು. ನಿನ್ನ ಪೇಪರಲ್ಲಿತ್ತಲ್ಲ? ನಿನ್ನೆ ಎಷ್ಟು ಸಲ ಓದ್ದೆ ಗೊತ್ತಾ!”

ನಾಗಿಸಾ ತನ್ನ ಬೂಟಿನ ತುದಿ ನೋಡಿದಳು.

“ನನ್ನ ಹೆಸರಿಲ್ಲ ಅಂತ ರೆಂಜಿ ಜಗಳಕ್ಕೇ ಬಂದ,” ಎಂದು ಚಿಯೊರಿ ನಕ್ಕಳು. “ನಾನಂದೆ, ಪಾತ್ರ ಮಾಡಿದ್ಮೇಲೆ ತಾನೆ ಹೆಸರು ಬರೆಯೋದು? ಬಿಸಿಲು ಬಂದ್ಮೇಲೆ ಗೊಂಬೆಗೆ ಕಣ್ಣು ಬರೆಯಲ್ವಾ, ಹಾಗೆ. ನಾಗಿಸಾಗೆ ಅದೆಲ್ಲ ಗೊತ್ತು ಅಂದೆ.”

ನಾಗಿಸಾ ಬುತ್ತಿಯನ್ನು ಬೆಂಚಿನ ಮೇಲಿಟ್ಟಳು. “ಈಗ ಬಂದೆ,” ಎಂದಳು. ಕೊಡೆಯನ್ನೂ ತೆಗೆದುಕೊಳ್ಳದೆ ಓಡಿದಳು.

ಏರುದಾರಿಯ ಮೆಟ್ಟಿಲು ಜಾರುತ್ತಿತ್ತು. ಮೊಣಕಾಲು ತರಚಿತು. ಮನೆ ಸೇರಿ, ಟವೆಲ್ ಸರಿಸಿ, ಒದ್ದೆ ಬೆರಳಿನಿಂದ ಗಂಟು ಬಿಚ್ಚಿ, ಗೊಂಬೆಯನ್ನು ನೆಟ್ಟಗೆ ಕಟ್ಟಿದಳು. ಅದರ ಖಾಲಿ ಮುಖ ಅವಳ ಕಡೆಗೇ ತಿರುಗಿ ನಿಂತಿತು.

ಹಿಂದಿರುಗುವಾಗ ಜಿಜೋ ದೇವರ ಮುಂದೆ ನಿಂತಳು. ಏನು ಕೇಳಬೇಕೆಂದು ತೋಚಲಿಲ್ಲ. ತಲೆ ಮಾತ್ರ ಬಾಗಿಸಿದಳು. ಕಲ್ಲಿನ ಕೆನ್ನೆಯ ಮೇಲೆ ಮಳೆನೀರು ಇಳಿಯುತ್ತಲೇ ಇತ್ತು.

ಮಳೆ ನಿಲ್ಲಲಿಲ್ಲ. ಮೂರರ ಹೊತ್ತಿಗೆ ಸ್ವಲ್ಪ ತೆಳುವಾಯಿತು, ಅಷ್ಟೇ. ನಿರ್ದೇಶಕರು ಗಡಿಯಾರ ನೋಡಿ, ಆಕಾಶ ನೋಡಿ, ಟೋಪಿ ತೆಗೆದು ಮತ್ತೆ ಹಾಕಿಕೊಂಡರು. “ತುಂತುರಲ್ಲೇ ತೆಗೆಯೋಣ. ಇಬ್ಬರೂ ಒಂದೇ ಕೊಡೆ ಹಿಡ್ಕೊಂಡು ನಿಲ್ಲಲಿ. ತಗಡಿನ ಮೇಲಿನ ಮಳೆ ಸದ್ದಿಗೆ ಮಾತು ಕೇಳಲ್ಲ, ಮಾತು ಬೇಡ.”

ಚಿಯೊರಿಗೆ ಇದ್ದದ್ದೇ ಒಂದು ಮಾತು. ಅದೂ ಹೋಯಿತು. ಒಂದೇ ಕೊಡೆಯ ಕೆಳಗೆ ನಾಯಕಿಯ ಕೈ ಹಿಡಿದು, ದೂರವಾಗುವ ದೋಣಿಯನ್ನು ಅವಳು ನೋಡುತ್ತ ನಿಂತಳು. ಅಷ್ಟರಲ್ಲಿ ದೃಶ್ಯ ಮುಗಿದೇಹೋಯಿತು.

ಸಂಜೆ ಇಬ್ಬರೂ ಖಾಲಿ ಡಬ್ಬಿಗಳನ್ನು ಹೊತ್ತು ಏರು ಹತ್ತಿದರು. ಅರ್ಧ ದಾರಿಗೆ ಬರುವಷ್ಟರಲ್ಲಿ ನಾಗಿಸಾಳಿಗೆ ತಡೆಯಲಾಗಲಿಲ್ಲ.

“ನಾನು ಗೊಂಬೆನ ತಲೆಕೆಳಗೆ ಕಟ್ಟಿದ್ದೆ ಕಣೇ.”

ಚಿಯೊರಿ ನಿಂತುಬಿಟ್ಟಳು. “ಯಾಕೆ?”

“ಆ ಪಾತ್ರ ನಂಗೆ ಬೇಕಿತ್ತು.”

“ಅದು ಗೊತ್ತು.” ಚಿಯೊರಿಯ ದನಿ ಸಣ್ಣದಾಗಿತ್ತು. “ಆದ್ರೆ ತಲೆಕೆಳಗೆ ಕಟ್ಟುವಷ್ಟು ಅಂತ ಗೊತ್ತಿರ್ಲಿಲ್ಲ.”

ಇಬ್ಬರೂ ಮತ್ತೆ ಏರು ಹತ್ತತೊಡಗಿದರು. ಡಬ್ಬಿಗಳು ಒಂದಕ್ಕೊಂದು ಬಡಿದು ಲೊಟಲೊಟ ಎನ್ನುತ್ತಿದ್ದವು. ಜಿಜೋ ದೇವರ ಹತ್ತಿರ ಇಬ್ಬರೂ ತಲೆ ಬಾಗಿಸಿದರು. ಆಮೇಲೆ ಚಿಯೊರಿ ಅವಳ ಕಡೆ ನೋಡದೆಯೇ ಹೇಳಿದಳು:

“ರುಯಿ ಅಕ್ಕನ ಕೈ ಮಂಜಿನ ಹಾಗೆ ತಣ್ಣಗಿತ್ತು. ನಡುಗ್ತಾನೂ ಇತ್ತು. ಅವ್ರಿಗೂ ಭಯ ಆಗುತ್ತಂತೆ, ಪ್ರತಿ ಸಲ. ನಿನ್ನ ಪೇಪರಲ್ಲಿ ಅದಿರ್ಲಿಲ್ಲ.”

ಭಾನುವಾರ ಒಳ್ಳೆಯ ಬಿಸಿಲು ಬಂತು, ಒಂದು ದಿನ ತಡವಾಗಿ. ನಾಗಿಸಾ ಇಡೀ ದಿನ ನೆಲದ ಮೇಲೆ ಹಾಳೆ ಹರಡಿಕೊಂಡು ಕೂತಳು. ಮೊದಲ ಸಾಲಿಗೇ ಚಿಯೊರಿಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದಳು. ಬರೆಯುವಾಗ ಹೊಟ್ಟೆಯಲ್ಲಿನ ಮುಳ್ಳು ಮತ್ತೊಮ್ಮೆ ಚುಚ್ಚಿತು. ಚುಚ್ಚಲಿ ಎಂದು ಬಿಟ್ಟು, ಎರಡನೇ ಸಾಲಿಗೆ ಹೋದಳು. ಶಿರಾಮೊರಿ ರುಯಿಯ ಕೈ ತಣ್ಣಗಿರುತ್ತದೆ ಎಂಬ ಸುದ್ದಿ ದೇಶದ ಯಾವ ಪತ್ರಿಕೆಯಲ್ಲೂ ಇರಲಿಲ್ಲ.

ಸೋಮವಾರ ಹಾಳೆ ಅಂಟಿಸಿದ ಮೇಲೆ ಅವಳು ಚೀಲದಿಂದ ಗೊಂಬೆ ತೆಗೆದು, ಪೆನ್ನಿನ ಜೊತೆಗೆ ಚಿಯೊರಿಯ ಮೇಜಿನ ಮೇಲಿಟ್ಟಳು. ಮುಖ ಇನ್ನೂ ಖಾಲಿಯೇ ಇತ್ತು.

ಚಿಯೊರಿ ಗೊಂಬೆಯನ್ನು ಎತ್ತಿಕೊಂಡು, ದಾರ ಯಾವ ಕಡೆಗಿದೆ ಎಂದು ಮೊದಲು ನೋಡಿದಳು. ಆಮೇಲೆ ಒಂದು ಕಣ್ಣು ಬರೆದು, ಪೆನ್ನನ್ನು ನಾಗಿಸಾಳ ಕೈಗೆ ಕೊಟ್ಟಳು.