ಸಹಿ ಹಾಕದ ದನಿ

"ನಿಲ್ಲಿಸ್ತೀರೋ, ಇಲ್ಲ ಆ ತುತ್ತೂರೀನ ಕಿತ್ತು ಬೀದಿಗೆ ಎಸೀಲೋ?"

ಬಾಗಿಲನ್ನು ದಢಾರನೆ ತಳ್ಳಿ ಒಳನುಗ್ಗಿದ ಹುಡುಗಿಯನ್ನು ಕಂಡು ಎಲ್ಲರೂ ಸ್ತಬ್ಧರಾದರು. ಡ್ರಮ್ ನಿಂತಿತು. ಗಿಟಾರ್ ನಿಂತಿತು. ಕಣ್ಣು ಮುಚ್ಚಿಕೊಂಡು ಟ್ರಂಪೆಟ್ ಊದುತ್ತಿದ್ದ ಎತ್ತರದ ಆಳು ಮಾತ್ರ ಇನ್ನೆರಡು ಸ್ವರ ಊದಿ, ಆಮೇಲೆ ಕಣ್ಣು ಬಿಟ್ಟ.

ಬಿಟ್ಟ ಕಣ್ಣು ಹಾಗೇ ನಿಂತುಬಿಟ್ಟಿತು...

ಅವಳ ಮೊಣಕೈವರೆಗೂ ಸೋಪಿನ ನೊರೆ. ಕಣ್ಣು ಅತ್ತು ಅತ್ತು ಕೆಂಪಾಗಿತ್ತು.

"ಪಕ್ಕದ ಮನೆಯೋಳು ನಾನು, ಆರ್ವೆಲ್ಲಾ. ನಮ್ಮಜ್ಜಿ ಸಾಯ್ತಾ ಇದಾಳೆ. ನೆಮ್ಮದಿಯಾಗಿ ಸಾಯೋಕಾದ್ರೂ ಬಿಡ್ರಪ್ಪಾ!"

ಅವನು ಟ್ರಂಪೆಟ್ಟನ್ನು ಕುರ್ಚಿಯ ಮೇಲಿಟ್ಟ.

"ಕ್ಷಮಿಸಿ, ಮಿಸ್. ಗೊತ್ತಿರಲಿಲ್ಲ ನಮಗೆ. ಇನ್ನೊಂದು ಸ್ವರಾನೂ ಕೇಳಲ್ಲ ನಿಮಗೆ."

ಜಗಳಕ್ಕೆ ಸಿದ್ಧಳಾಗಿ ಬಂದಿದ್ದ ಆರ್ವೆಲ್ಲಾ ನೊರೆಯ ಕೈಗಳನ್ನು ಲಂಗಕ್ಕೆ ಒರೆಸಿಕೊಂಡಳು. ಬಂದ ದಾರಿಯಲ್ಲೇ ಹೊರಟಳು.

ಮನೆಯಲ್ಲಿ ಅಜ್ಜಿ ಕಣ್ಣು ಬಿಟ್ಟುಕೊಂಡು ಗೋಡೆಯನ್ನೇ ನೋಡುತ್ತಿದ್ದಳು.

"ಯಾಕೇ ನಿಲ್ಲಿಸಿಬಿಟ್ರು? ಚೆನ್ನಾಗಿತ್ತಲ್ಲೇ! ಇನ್ನೂ ಮುಗಿದೇ ಇರಲಿಲ್ಲ..." ಎಂದು ಕ್ಷೀಣವಾಗಿ ಹೇಳಿ, ಆ ರಾಗವನ್ನು ತಾನೇ ಮೂಗಿನಲ್ಲಿ ಗುನುಗಿ ಮುಗಿಸಿದಳು.

'ಅಯ್ಯೋ ದೇವರೇ! ಈಗ ಯಾವ ಮುಖ ಇಟ್ಕೊಂಡು ಹೋಗಲಿ?'

ಹೋಗಲೇಬೇಕಾಯಿತು.

"ಅದು... ನಮ್ಮಜ್ಜಿ... ಮುಂದುವರಿಸಬೇಕಂತೆ."

ಡ್ರಮ್ ಬಾರಿಸುವ ಪರ್ವಿಸ್ ನಗು ತಡೆಯಲಾರದೆ ಅತ್ತ ತಿರುಗಿಕೊಂಡ. ಟ್ರಂಪೆಟ್‌ನವನು ನಗಲಿಲ್ಲ.

"ಬಾರಿಸ್ತೀವಿ. ಆದ್ರೆ ಅದನ್ನ ಹೇಗೆ ಮುಗಿಸೋದು ಅಂತ ನಮಗೇ ಗೊತ್ತಿಲ್ಲ, ಮಿಸ್. ಬೆಳಗ್ಗಿಂದ ಅಲ್ಲಿಗೇ ಬಂದು ನಿಂತುಬಿಡ್ತಿದೆ."

"ಅಜ್ಜಿ ಮುಗಿಸಿದಳು... ಹೀಗೆ."

ಆರ್ವೆಲ್ಲಾ ಗುನುಗಿದಳು. ನಾಲ್ಕೇ ನಾಲ್ಕು ಸ್ವರ. ಪರ್ವಿಸ್‌ನ ನಗು ಅಲ್ಲೇ ಇಂಗಿತು.

ಟ್ರಂಪೆಟ್‌ನವನ ಹೆಸರು ಒಜೆಲ್ ವಿಟ್ಲೋ.

ಅದು ಮೆಂಫಿಸ್ ಊರಿನ ದಕ್ಷಿಣ ಭಾಗ, ಸಾವಿರದ ಒಂಬೈನೂರ ಅರವತ್ತೈದರ ಬೇಸಿಗೆ. ಮುಚ್ಚಿಹೋಗಿದ್ದ ಒಂದು ಬೇಕರಿಯನ್ನು ಬಾಡಿಗೆಗೆ ಹಿಡಿದು ಒಜೆಲ್ ರೆಕಾರ್ಡಿಂಗ್ ಸ್ಟುಡಿಯೋ ಮಾಡಿಕೊಂಡಿದ್ದ. 'ಸಂಡೇ ಲೋಫ್' ಎಂಬ ಬೇಕರಿಯ ಬೋರ್ಡನ್ನು ಹಾಗೇ ಬಿಟ್ಟು, ಪಕ್ಕದಲ್ಲಿ 'ರೆಕಾರ್ಡ್ಸ್' ಎಂದು ತನ್ನ ಕೈಯಿಂದಲೇ ಬರೆದಿದ್ದ.

ಆ ವಾರ ಅವರು ಕಿಟಕಿ ತೆರೆದಿಟ್ಟು ಮೆಲ್ಲಗೆ ಬಾರಿಸಿದರು. ಅಜ್ಜಿ ಕೇಳುತ್ತ ಕೇಳುತ್ತಲೇ ಕಣ್ಣು ಮುಚ್ಚಿದಳು. ಮಣ್ಣಿಗಿಡುವಾಗ ಆರ್ವೆಲ್ಲಾ ಹಾಡಿದಳು. ಗುಂಪಿನ ಹಿಂದೆ, ಟೋಪಿ ಎದೆಗೊತ್ತಿಕೊಂಡು ನಿಂತಿದ್ದ ಒಜೆಲ್ ಅವತ್ತೇ ನಿರ್ಧರಿಸಿದ. ಈ ದನಿಯನ್ನು ಜಗತ್ತು ಕೇಳಲೇಬೇಕು!

"ನಾನು ಹೋಟೆಲಿನ ಬಟ್ಟೆ ಒಗೆಯೋಳು. ನನ್ನನ್ನ ಯಾರು ಕೇಳ್ತಾರೆ?" ಎಂದಳು ಅವಳು.

"ನಾನು ಕೇಳ್ತೀನಿ. ಆಮೇಲೆ ಉಳಿದೋರು."

ಇಬ್ಬರೂ ಸೇರಿ ಆ ರಾಗಕ್ಕೆ ಮಾತು ಕಟ್ಟಿದರು. 'ಗೋಡೆಯಾಚೆ' ಎಂಬ ಆ ಹಾಡು ಊರಿನ ರೇಡಿಯೋದಲ್ಲಿ ಒಮ್ಮೆ ಬಂತು. ಕೇಳಿದವರು ಫೋನ್ ಮಾಡಿ ಮಾಡಿ ಮತ್ತೆ ಹಾಕಿಸಿಕೊಂಡರು.

ಆಮೇಲೆ ಎರಡು ವರ್ಷ... ಅಬ್ಬಾ, ಆ ಎರಡು ವರ್ಷ!

ಬೇಕರಿಯ ಮುಂದೆ ಹಾಡುಗಾರರ ಸಾಲು. ಒಜೆಲ್‌ನ ಹಳೇ ಕಾರಿನ ಡಿಕ್ಕಿ ತುಂಬ ರೆಕಾರ್ಡ್ ಡಬ್ಬಗಳು. ಅಕ್ಕಪಕ್ಕದ ಅರ್ಕನ್ಸಾ, ಮಿಸಿಸಿಪ್ಪಿ ರಾಜ್ಯಗಳ ಊರುಗಳ ಕ್ಷೌರದಂಗಡಿ, ಬ್ಯೂಟಿ ಪಾರ್ಲರ್‌ಗಳಿಗೆಲ್ಲ ಅವನೇ ಹೋಗಿ ಕೊಟ್ಟು ಬರುತ್ತಿದ್ದ. ರಜೆಯ ದಿನ ಆರ್ವೆಲ್ಲಾ ಜೊತೆಗಿರುತ್ತಿದ್ದಳು. ದಾರಿಯ ಬಿಳಿಯರ ಹೋಟೆಲುಗಳಲ್ಲಿ ಕಪ್ಪು ಜನರಾದ ತಮ್ಮನ್ನು ಯಾರೂ ಮುಖ ಕೊಟ್ಟು ಮಾತಾಡಿಸುವುದಿಲ್ಲವೆಂದು ಗೊತ್ತಿದ್ದುದರಿಂದ ಮನೆಯಿಂದಲೇ ಕರಿದ ಕೋಳಿ ಕಟ್ಟಿಕೊಂಡು ಹೋಗಿ, ಹತ್ತಿ ಹೊಲದ ಬದಿಯಲ್ಲಿ ಕಾರು ನಿಲ್ಲಿಸಿ ತಿನ್ನುತ್ತಿದ್ದರು.

"ಆರ್ವೆಲ್ಲಾ," ಎಂದ ಅವನು ಒಂದು ಮಧ್ಯಾಹ್ನ. "ನಿನಗೊಂದು ಮಾತು ಹೇಳಬೇಕು..."

"ಹೇಳು."

ಅಷ್ಟರಲ್ಲಿ ಕಾರಿನ ರೇಡಿಯೋದಲ್ಲಿ ಅವಳದೇ ದನಿ! ಅವಳು ಮಗುವಿನಂತೆ ಚಪ್ಪಾಳೆ ತಟ್ಟಿದಳು. ಅವನು ನಕ್ಕು ಸುಮ್ಮನಾದ.

'ಇರಲಿ. ಇನ್ನೊಂದು ದಿನ ಹೇಳ್ತಾನೆ,' ಎಂದುಕೊಂಡಳು. ಆ ಇನ್ನೊಂದು ದಿನ ಬರಲೇ ಇಲ್ಲ.

ನ್ಯೂಯಾರ್ಕಿನ ಒಂದು ದೊಡ್ಡ ಕಂಪನಿ ಒಜೆಲ್‌ನನ್ನು ಕರೆಸಿಕೊಂಡಿತು. ನಿಮ್ಮ ರೆಕಾರ್ಡುಗಳನ್ನು ದೇಶದ ತುಂಬ ನಾವು ಹಂಚುತ್ತೇವೆ, ನೀವು ಆರಾಮಾಗಿ ಹಾಡು ಮಾಡಿಕೊಂಡಿರಿ ಎಂದಿತು.

"ಬೇಡ ಒಜೆಲ್," ಎಂದಿದ್ದಳು ಆರ್ವೆಲ್ಲಾ. "ಡಿಕ್ಕಿಯಲ್ಲಿ ಹಿಡಿಸೋವಷ್ಟು ಸಾಕು ನಮಗೆ."

"ಹುಚ್ಚೀ! ನಿನ್ನ ದನಿ ಡಿಕ್ಕಿಯಲ್ಲಿ ಹಿಡಿಸುತ್ತಾ?"

ಹೋದವನು ಸಹಿ ಹಾಕಿ ಬಂದ. ಬಂದ ಹೊಸದರಲ್ಲಿ ಉತ್ಸಾಹವೋ ಉತ್ಸಾಹ. ಕೆಲವು ತಿಂಗಳಲ್ಲಿ ಯಾಕೋ ಮಂಕಾದ. ಎಲ್ಲ ಹಾಡುಗಾರರನ್ನೂ ಒಬ್ಬೊಬ್ಬರಾಗಿ ಕರೆದು ಕಂಪನಿಯ ಕರಾರಿಗೆ ಸಹಿ ಹಾಕಿಸಿಕೊಂಡಿದ್ದ. ಆರ್ವೆಲ್ಲಾಳನ್ನು ಮಾತ್ರ ಕರೆಯಲಿಲ್ಲ.

'ನನ್ನದು ಕೊನೆಗೆ ಇರಬೇಕು,' ಎಂದು ಕಾದಳು. ಇವತ್ತು, ನಾಳೆ... ಕರೆ ಬರಲಿಲ್ಲ. 'ಎಲ್ಲರಿಗೂ ಇದೆ. ನನಗಿಲ್ಲ. ಬಟ್ಟೆ ಒಗೆಯೋಳಿಗೆ ಕರಾರು ಯಾಕೆ ಅಂತಲೋ ಏನೋ...'

ಬಾಯಿಬಿಟ್ಟು ಕೇಳಲು ಅಭಿಮಾನ ಬಿಡಲಿಲ್ಲ.

ಅರವತ್ತೆಂಟರ ಏಪ್ರಿಲ್‌ನಲ್ಲಿ ಊರಿನಲ್ಲಿ ಗುಂಡು ಹಾರಿತು. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ನಾಯಕನನ್ನು ಒಬ್ಬ ಬಿಳಿಯ ಕೊಂದಿದ್ದ. ದೇಶವೇ ಅತ್ತಿತು. ಬೀದಿಯಲ್ಲಿ ಸೈನಿಕರು ನಿಂತರು. ಬೇಕರಿಯ ಬಿಳಿ ಹುಡುಗ, ಗಿಟಾರಿನವನು, ಆಮೇಲೆ ಕೆಲಸಕ್ಕೆ ಬರಲಿಲ್ಲ. ಯಾರೂ ಬಯ್ದಿರಲಿಲ್ಲ ಅವನನ್ನು. ಆದರೂ ಬರಲಿಲ್ಲ. ಉಳಿದವರೂ ಒಬ್ಬರ ಮುಖ ಒಬ್ಬರು ನೋಡದೆ ಬಾರಿಸಿ ಮನೆಗೆ ಹೋಗುತ್ತಿದ್ದರು.

ಆ ಬೇಸಿಗೆಯಲ್ಲೇ ಹೋಟೆಲಿನ ಲಾಂಡ್ರಿಯಲ್ಲಿ ಹಾಸುವ ಬಟ್ಟೆ ಮಡಿಸುತ್ತಿದ್ದ ಆರ್ವೆಲ್ಲಾಗೆ ರೇಡಿಯೋದಲ್ಲಿ 'ಗೋಡೆಯಾಚೆ' ಕೇಳಿಸಿತು.

ಹಾಡು ತನ್ನದೇ. ದನಿ ತನ್ನದಲ್ಲ!

ಯಾರೋ ಉತ್ತರದ ಹಾಡುಗಾರ್ತಿ. ಹಿಂದೆ ಇಪ್ಪತ್ತು ಪಿಟೀಲು. ಅಜ್ಜಿ ಗೋಡೆ ನೋಡುತ್ತ ಗುನುಗಿದ ಆ ಸ್ವರಗಳನ್ನು ಅವಳು ಐಸ್‌ಕ್ರೀಮ್ ತಿನ್ನುವವಳ ಹಾಗೆ ಹಾಡುತ್ತಿದ್ದಳು...

ಆರ್ವೆಲ್ಲಾ ಓಡಿದಳು. ಬೇಕರಿಯಲ್ಲಿ ಒಜೆಲ್ ಒಬ್ಬನೇ ಕೂತಿದ್ದ.

"ನಮ್ಮ ಹಾಡನ್ನ ಕೊಟ್ಟೆಯಾ?"

ಅವನು ತಲೆಯೆತ್ತಲಿಲ್ಲ.

"ಕೇಳಿದ್ದಕ್ಕೆ ಹೇಳು! ನೀನೇ ಕೊಟ್ಟೆಯಾ?"

"ಹೌದು. ಸಹಿ ನಂದೇ."

"ಮತ್ತೆ ಎಲ್ಲರಿಗೂ ಕರಾರು ಕೊಟ್ಟೆ. ನನಗ್ಯಾಕಿಲ್ಲ?"

ಅವನು ಬಾಯಿ ತೆರೆದ. ಮುಚ್ಚಿದ.

"ಗೊತ್ತಾಯ್ತು ಬಿಡು," ಎಂದಳು ಆರ್ವೆಲ್ಲಾ. "ನನ್ನ ಹಾಡು ಬೇಕಿತ್ತು. ನಾನು ಬೇಕಿರಲಿಲ್ಲ!"

ಅದೇ ವಾರ ಸೇಂಟ್ ಲೂಯಿಸ್‌ನಲ್ಲಿದ್ದ ಸೋದರಸಂಬಂಧಿಯ ಮನೆಗೆ ಹೊರಟುಹೋದಳು. ಬಸ್ ನಿಲ್ದಾಣದಲ್ಲಿ ಕೊನೆಯ ಕ್ಷಣದವರೆಗೂ ಅವಳ ಕಣ್ಣು ಬಾಗಿಲ ಕಡೆಗೇ ಇತ್ತು. ಅವನು ಬರಲಿಲ್ಲ.

ಅಲ್ಲಿ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಮಕ್ಕಳಿಗೆ ಬಡಿಸುವಳು, ಪಾತ್ರೆ ತೊಳೆಯುವಳು, ಮನೆಗೆ ಬಂದು ಮಲಗುವಳು. ಚರ್ಚಿನಲ್ಲಿ ಎಲ್ಲರೂ ಹಾಡುವಾಗ ತುಟಿ ಮಾತ್ರ ಅಲ್ಲಾಡಿಸುವಳು.

ಸಂಡೇ ಲೋಫ್ ಮುಚ್ಚಿತಂತೆ ಎಂಬ ಸುದ್ದಿ ಯಾರಿಂದಲೋ ಬಂತು. 'ಆಗಲಿ, ಚೆನ್ನಾಗಾಯ್ತು,' ಎಂದುಕೊಂಡಳು. ಆ ದಿನ ಅನ್ನ ಸೇರಲಿಲ್ಲ.

ಹೀಗೇ ಏಳು ವರ್ಷ.

ಒಂದು ಭಾನುವಾರ ಅವಳ ಚರ್ಚಿಗೆ ಹೊರಊರಿನ ಹಾಡುಗಾರರ ತಂಡ ಬಂದಿತ್ತು. ಡ್ರಮ್ ಬಾರಿಸುತ್ತಿದ್ದ ನರೆಗೂದಲಿನವನನ್ನು ಅವಳು ಮತ್ತೆ ಮತ್ತೆ ನೋಡಿದಳು. ಪರ್ವಿಸ್! ಊಟದ ಹೊತ್ತಿಗೆ ಅವನೇ ತಟ್ಟೆ ಹಿಡಿದು ಅವಳ ಎದುರು ಬಂದು ಕೂತ.

"ಏನು ತಂಗೀ, ಸೂಪು ಕುಡಿದೋರ ಥರ ತುಟಿ ಅಲ್ಲಾಡಿಸ್ತಿದ್ದೆ? ಅಲ್ಲಿಂದಲೇ ನೋಡಿದೆ ನಾನು."

"ಹಾಡೋದು ಬಿಟ್ಟೆ ಅಣ್ಣಾ."

ಪರ್ವಿಸ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದ.

"ಬಿಟ್ಟೆಯಾ? ಅಯ್ಯೋ... ಹಾಗಾದ್ರೆ ಅವನು ಅಷ್ಟೆಲ್ಲಾ ಮಾಡಿದ್ದು ಯಾತಕ್ಕೆ?"

"ಯಾರು? ಏನು ಮಾಡಿದ?"

"ನಿನಗೆ ಗೊತ್ತೇ ಇಲ್ವಾ!"

ಪರ್ವಿಸ್ ಹೇಳಿದ್ದಿಷ್ಟು. ಒಜೆಲ್ ನಂಬಿಕೆಯ ಮೇಲೆ, ಸರಿಯಾಗಿ ಓದದೆ ಸಹಿ ಹಾಕಿದ್ದ. ಹಾಡು, ಟೇಪು, ಕರಾರಿಗೆ ಸಹಿ ಹಾಕಿದ ಹಾಡುಗಾರರು, ಎಲ್ಲವೂ ಕಂಪನಿಗೇ ಸೇರುತ್ತದೆ ಎಂದು ಅದರಲ್ಲಿತ್ತು. ಅದು ಅವನಿಗೆ ತಿಳಿಯುವ ಹೊತ್ತಿಗೆ ಆರ್ವೆಲ್ಲಾ ಒಬ್ಬಳ ಸಹಿ ಬಾಕಿಯಿತ್ತು. ಅವಳ ಹೆಸರಿನ ಕರಾರನ್ನು ಅವನು ಒಲೆಗೆ ಹಾಕಿದ.

"ಕಂಪನಿಗೆ ಬೇಕಿದ್ದದ್ದು ನೀನೊಬ್ಬಳೇ, ತಂಗೀ. ಆ ಹುಡುಗೀನ ನಮಗೆ ಬರೆದು ಕೊಡು, ನಿನ್ನ ಬೇಕರಿ ನಿನಗಿರಲಿ ಅಂದ್ರು. ಅವನು ಆಗಲ್ಲ ಅಂದ. ಅವತ್ತಿಂದ ನಮ್ಮ ಒಂದು ರೆಕಾರ್ಡೂ ಅಂಗಡಿ ಮುಟ್ಟಲಿಲ್ಲ. ಗೋಡೌನಲ್ಲೇ ಕೊಳೆಸಿದ್ರು. ಟೇಪು ತಗೊಂಡು ಹೋಗೋಕೆ ಲಾರಿ ಬಂತು. ಅವನು ಅದರ ಮುಂದೆ ಅಡ್ಡ ಮಲಗಿಬಿಟ್ಟ... ಪೊಲೀಸರು ಎಳಕೊಂಡು ಹೋದ್ರು."

"ನನಗ್ಯಾಕೆ ಹೇಳಲಿಲ್ಲ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ನಾನೂ ಅದನ್ನೇ ಕೇಳ್ದೆ. ನೀನೇ ಹೋಗಿ ಕೇಳು. ಮೆಂಫಿಸ್‌ನಲ್ಲೇ, ನದಿ ಹತ್ರ ಮಿಸ್ ಹ್ಯಾಟಿ ಮನೇಲಿ ಬಾಡಿಗೆಗಿದಾನೆ."

ಮರುದಿನವೇ ಆರ್ವೆಲ್ಲಾ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಮ್ಮೆ ಅಳು, ಒಮ್ಮೆ ಕೋಪ. ಎದುರು ಸಿಕ್ಕರೆ ಅಪ್ಪಿಕೊಳ್ಳುವುದೋ, ಕೆನ್ನೆಗೆ ಬಾರಿಸುವುದೋ!

ಮಿಸ್ ಹ್ಯಾಟಿಯ ಮನೆಯ ಜಗಲಿಯಲ್ಲಿ ಒಬ್ಬ ತೆಳ್ಳಗಿನ ಗಂಡಸು ಬೋಗುಣಿ ಇಟ್ಟುಕೊಂಡು ಅವರೆಕಾಳಿನಂಥ ಬೀನ್ಸ್ ಸುಲಿಯುತ್ತ ಕೂತಿದ್ದ. ಅವಳನ್ನು ನೋಡಿದ್ದೇ ತಡ, ಬಲಗೈಯನ್ನು ಸರಕ್ಕನೆ ಜೇಬಿಗೆ ತುರುಕಿಕೊಂಡ.

'ಕೈ ಸಹ ಚಾಚಲಿಲ್ಲ...' ಅವಳ ಮನಸ್ಸು ಮುದುಡಿತು.

"ಬಂದೆಯಾ," ಎಂದ.

"ಬಂದೆ. ಯಾಕೆ ಹೇಳಲಿಲ್ಲ ನನಗೆ?"

ಯಾವುದರ ಬಗ್ಗೆ ಎಂದು ಅವನು ಕೇಳಲಿಲ್ಲ.

"ಹೇಳಿದ್ರೆ ನೀನು ಸಹಿ ಹಾಕಿಬಿಡ್ತಿದ್ದೆ. ಬೇಕರಿ ಉಳೀಲಿ ಅಂತ. ನಮ್ಮೆಲ್ಲರ ಹೊಟ್ಟೆ ತುಂಬಲಿ ಅಂತ."

ನಿಜ. ಹಾಕಿಬಿಡುತ್ತಿದ್ದಳು. ಎರಡು ಸಲ ಯೋಚಿಸುತ್ತಲೂ ಇರಲಿಲ್ಲ.

"ಹಾಕ್ತಿದ್ದೆ! ಅದು ನನ್ನ ಕೈ, ನನ್ನ ಸಹಿ. ಬೇಡ ಅನ್ನೋಕೆ ನೀನ್ಯಾರು?"

"ನಿನ್ನ ದನಿಯಾದ್ರೂ ಉಳೀಲಿ ಅಂತ..."

"ಉಳೀತಾ?" ಅವಳಿಗೆ ದುಃಖ ಒತ್ತರಿಸಿ ಬಂತು. "ಏಳು ವರ್ಷದಿಂದ ನಾನು ಒಂದು ಸಾಲೂ ಹಾಡಿಲ್ಲ, ಒಜೆಲ್. ನಿನಗೆ ನಾನು ಬೇಡ ಅಂದುಕೊಂಡ ಮೇಲೆ ಬಾಯೇ ಬರಲಿಲ್ಲ. ನೀನು ಬಚ್ಚಿಟ್ಟು ಕಾಪಾಡಿದ್ದನ್ನ ನಾನು ಅಡುಗೆಮನೇಲಿ ಕೊಂದೆ!"

ಅವನ ಮುಖದ ಬಣ್ಣವೇ ಇಳಿದುಹೋಯಿತು. ಬೇಕರಿಗೆ ಬೀಗ ಬಿದ್ದಾಗಲೂ, ಲಾರಿ ಹೊರಟಾಗಲೂ ಅಳದಿದ್ದವನು ಈಗ ಅತ್ತ. ಕಣ್ಣೊರೆಸಿಕೊಳ್ಳಲು, ಮರೆತು, ಜೇಬಿನಿಂದ ಬಲಗೈ ತೆಗೆದ.

ಎರಡು ಬೆರಳು ಇರಲಿಲ್ಲ.

"ಒಜೆಲ್! ಏನಿದು?"

"ಮರದ ಮಿಲ್ಲಿನಲ್ಲಿ. ಗರಗಸಕ್ಕೆ..." ಅವನು ಮತ್ತೆ ಕೈ ಹಿಂದಕ್ಕೆಳೆದುಕೊಂಡ. "ನೀನು ನೋಡಬಾರದಿತ್ತು. ಟ್ರಂಪೆಟ್ ನುಡಿಸೋ ಬೆರಳುಗಳು ಅವು."

ಅವಳು ಬಿಡಲಿಲ್ಲ. ಜಗಲಿಯ ಮೇಲೆ ಅವನ ಪಕ್ಕದಲ್ಲೇ ಕೂತು, ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ದೂರದಲ್ಲಿ ನದಿಯ ಹಡಗೊಂದು ಕೂಗಿತು.

ಆಮೇಲೆ ಅವಳು ಬೋಗುಣಿಯನ್ನು ತನ್ನ ಮಡಿಲಿಗೆಳೆದುಕೊಂಡು ಬೀನ್ಸ್ ಸುಲಿಯತೊಡಗಿದಳು.

"ಇನ್ನು ಮುಂದೆ ನನ್ನ ವಿಷಯ ನನ್ನನ್ನ ಕೇಳಿ ತೀರ್ಮಾನ ಮಾಡ್ತೀಯಾ?"

"ಮಾಡ್ತೀನಿ."

"ಹಾಗಾದ್ರೆ ಕೇಳು."

ಅವನು ತಡವರಿಸಿದ. "ಇವತ್ತೇ... ವಾಪಸ್ ಹೋಗ್ತೀಯಾ?"

"ಇದೇನಾ ಕೇಳೋ ರೀತಿ?"

"ಹೋಗಬೇಡ ಆರ್ವೆಲ್ಲಾ." ಈ ಸಲ ಮಾತು ನಿಲ್ಲಲಿಲ್ಲ. "ನನ್ನ ಹತ್ರ ಏನೂ ಉಳಿದಿಲ್ಲ. ಒಂದು ಬಾಡಿಗೆ ರೂಮು, ಈ ಕೈ, ಅಷ್ಟೇ. ಆದ್ರೂ ಹೋಗಬೇಡ. ಆಗಲೂ ನಿನ್ನನ್ನ ಪ್ರೀತಿಸ್ತಿದ್ದೆ. ಈಗಲೂ... ಬಸ್ ನಿಲ್ದಾಣದ ಎದುರು ರಸ್ತೇಲಿ ನಿಂತಿದ್ದೆ ಅವತ್ತು. ದಾಟೋಕೆ ಮುಖ ಇರಲಿಲ್ಲ."

ಅವಳ ಕಣ್ಣೀರು ಬೋಗುಣಿಯೊಳಕ್ಕೆ ಬಿತ್ತು.

"ನಾನು ಮತ್ತೆ ಹಾಡ್ತೀನೋ ಇಲ್ವೋ ಗೊತ್ತಿಲ್ಲ. ಹಾಡದೇ ಇರೋ ಆರ್ವೆಲ್ಲಾ ಸಾಕಾ ನಿನಗೆ?"

"ಬಯ್ಯೋಳು ಸಾಕು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಹೋದದ್ದು ಯಾವುದೂ ಹಿಂದಿರುಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವರ ಹಾಡುಗಳು ಉತ್ತರದ ಯಾವುದೋ ಗೋಡೌನಿನ ಕತ್ತಲಲ್ಲಿ ಬಿದ್ದಿದ್ದವು. ಬಿದ್ದೇ ಇರುತ್ತವೆ.

ಒಳಗಿನಿಂದ ಮಿಸ್ ಹ್ಯಾಟಿ ಕೂಗಿದಳು. "ಒಜೆಲ್! ಬೀನ್ಸ್ ಏನು ಬಿತ್ತಿ ಬೆಳೀತಿದೀಯಾ ಅಲ್ಲಿ? ಊಟಕ್ಕೆ ಎಷ್ಟು ಜನ?"

ಒಜೆಲ್ ತಿರುಗಿ ಆರ್ವೆಲ್ಲಾಳ ಮುಖ ನೋಡಿದ. ಕಾದ.

"ಇಬ್ಬರು ಅನ್ನು," ಎಂದಳು ಅವಳು.