ಬೇಡ ಎನ್ನಲು ಬಂದವನ ಊಟ

"ಊಟದ ಮುಂದೆ ಕೂತು ಯೋಚ್ನೆ ಮಾಡಬಾರ್ದು ರೀ. ಉಣ್ರಿ!"

ಮಜ್ಜಿಗೆ ತಂಬಿಗೆ ಹಿಡಿದು ನಿಂತಿದ್ದ ದಾಕ್ಷಾಯಿಣಿ ಗದರಿಯೇಬಿಟ್ಟಳು.

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಏಕಾಂತಪ್ಪನವರ ಮನೆಯಲ್ಲಿ ಒಂದು ಪದ್ಧತಿ. ಮಧ್ಯಾಹ್ನದ ಹೊತ್ತಿಗೆ ಶೇಂಗಾ ಚೀಲ ಇಳಿಸಿ ಬಂದವರು ಯಾರೇ ಆಗಿರಲಿ, ಹೆಸರು ಕೇಳುವ ಮೊದಲು ತಟ್ಟೆ ಹಾಕುವುದು. ಆ ದಿನವೂ ನನ್ನಿವಾಳದ ಮಾರಯ್ಯ, ಪರಶುರಾಂಪುರದ ಚಿನ್ನಯ್ಯ ಎಲ್ಲರೂ ಸಾಲಾಗಿ ಕೂತು ಮುದ್ದೆ ಮುರಿಯುತ್ತಿದ್ದರು. ಸಾಲಿನ ಕೊನೆಯಲ್ಲಿ ಇಸ್ತ್ರಿ ಮಾಡಿದ ಶರ್ಟು ತೊಟ್ಟ ಯುವಕನೊಬ್ಬ ಎರಡನೇ ಮುದ್ದೆಯನ್ನು ದಿಟ್ಟಿಸುತ್ತಾ ಬೆವರುತ್ತಿದ್ದ.

"ನಿಮ್ದು ತೂಕ ಆಯ್ತಾ?" ಎಂದಳು ದಾಕ್ಷಾಯಿಣಿ.

"ನಾನು ತೂಕಕ್ಕೆ ಬಂದಿಲ್ಲ ರೀ..." ಅವನು ತಲೆ ಎತ್ತಿದ. "ನಾನು ಓಂಕಾರಮೂರ್ತಿ. ಮೊಳಕಾಲ್ಮುರು. ನಾಳೆ ನಿಮ್ಮನ್ನ ನೋಡೋಕೆ ಬರಬೇಕಾಗಿರೋ ಗಂಡು."

ತಂಬಿಗೆ ಅವಳ ಕೈಯಲ್ಲೇ ಓಲಾಡಿತು. ಮಜ್ಜಿಗೆ ಅವನ ಮಂಡಿಯ ಮೇಲೆ ಬಿತ್ತು!

"ನಾಳೆ ಬರೋರು ಇವತ್ಯಾಕೆ ಬಂದ್ರಿ?"

"ಈ ಮದುವೆ ಬೇಡ ಅಂತ ಹೇಳೋಕೆ."

ಅಯ್ಯೋ! ದಾಕ್ಷಾಯಿಣಿಗೆ ಮೈಯೆಲ್ಲ ಉರಿದುಹೋಯಿತು. ನಿಜ ಹೇಳಬೇಕೆಂದರೆ ಅವಳಿಗೂ ಈ ಮದುವೆ ಬೇಡವಾಗಿತ್ತು. ನಾಳೆ ಹೇಗೆ ಬೇಡ ಅನ್ನಬೇಕೆಂದು ಬೆಳಗಿನಿಂದ ಮಾತು ಕಟ್ಟುತ್ತಿದ್ದಳು. ಆದರೂ... ತನಗಿಂತ ಮೊದಲು ಇವನು ಬೇಡ ಅನ್ನುವುದೆಂದರೇನು? ಕನ್ನಡಿಯಲ್ಲಿ ತನ್ನ ಮುಖ ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲವಲ್ಲ!

"ಕಾರಣ?" ಎಂದಳು ಹುಬ್ಬು ಗಂಟಿಕ್ಕಿ.

"ನೀವು ದಿಲ್ಲಿಯಲ್ಲಿ ದೇಶ ದೇಶಗಳ ಜಗಳದ ಮೇಲೆ ಪಿಎಚ್.ಡಿ. ಮಾಡ್ತಿದೀರಂತೆ. ಮದುವೆ ಆದ್ಮೇಲೆ ಓದು ಸಾಕು ಅಂತ ನಮ್ಮಪ್ಪ ಷರತ್ತು ಹಾಕವ್ರೆ. ನಿಮ್ಮಪ್ಪ ಆಗ್ಲಿ ಅಂದವ್ರೆ. ಈ ವಿಷ್ಯ ನಿಮಗೆ ಗೊತ್ತಾ?"

ಗೊತ್ತಿರಲಿಲ್ಲ. ಐದು ವರ್ಷದ ಓದು ಇನ್ನೊಂದೇ ವರ್ಷದಲ್ಲಿ ಮುಗಿಯುತ್ತಿತ್ತು. ಅಪ್ಪ ಅದನ್ನು ಹೀಗೆ ಒಂದು ಮಾತಿನಲ್ಲಿ ಬಿಟ್ಟುಕೊಟ್ಟರೇ?

"ನಾನು ಒಪ್ಪಿದ್ರೆ ನಿಮ್ಮ ಓದು ಹೋಗ್ತದೆ. ನಾಳೆ ಜನರೆದುರಿಗೆ ಬೇಡ ಅಂದ್ರೆ ನಿಮ್ಮ ಮಾನ ಹೋಗ್ತದೆ. ಅದಕ್ಕೆ ಇವತ್ತೇ ಹೇಳಿ ಹೋಗೋಣ ಅಂತ ಬಂದೆ. ಬಾಯಿ ತೆಗೆಯೋಕೆ ಮುಂಚೆ ನಿಮ್ಮವ್ವ ತಟ್ಟೆ ಹಾಕಿದ್ರು. ಬೆಳಗಿಂದ ಏನೂ ತಿಂದಿರ್ಲಿಲ್ಲ ರೀ..."

ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಮಾರಯ್ಯ ಬಾಯಲ್ಲಿದ್ದ ತುತ್ತನ್ನು ಗಬಕ್ಕನೆ ನುಂಗಿ ಕೂಗಿದ:

"ಅಮ್ಮಾರೇ! ಗಂಡು ಉಂಡೈತೆ!"

ಓದುಗರೇ, ಇಲ್ಲೇ ಇರುವುದು ಎಡವಟ್ಟು. ಇವರ ಮನೆತನಗಳಲ್ಲಿ ಹೆಣ್ಣು ನೋಡಲು ಹೋದವರು ಅವಲಕ್ಕಿ ತಿನ್ನಬಹುದು, ಕಾಫಿ ಕುಡಿಯಬಹುದು. ಊಟ ಮಾತ್ರ ಮಾಡುವ ಹಾಗಿಲ್ಲ. ಹೆಣ್ಣಿನ ಮನೆಯಲ್ಲಿ ಗಂಡು ಉಂಡರೆ ಒಪ್ಪಿದಂತೆಯೇ ಲೆಕ್ಕ!

ಅಡುಗೆಮನೆಯಿಂದ ದಾಕ್ಷಾಯಿಣಿಯ ಅವ್ವ ಬಸವಲಿಂಗಮ್ಮ ಸೌಟು ಹಿಡಿದೇ ಓಡಿಬಂದರು. "ಯಾವ ಗಂಡು? ಅಯ್ಯೋ ಶಿವನೇ... ಎರಡನೇ ಮುದ್ದೆ ನನ್ನ ಕೈಯಾರೆ ಇಕ್ಕಿದೀನಿ! ರೀ, ಕೇಳಿಸ್ತೇನ್ರೀ? ಆಗೋಯ್ತು, ಒಪ್ಪಿಗೆ ಆಗೋಯ್ತು!"

ಒಪ್ಪಿಗೆಯಾದ ಮೇಲೆ ಇನ್ನು ನೋಡುವುದೇನೆಂದು ನಾಳೆಯ ಶಾಸ್ತ್ರ ಕೈಬಿಟ್ಟರು. ಆ ಸಂಜೆಗೇ ಮಿಲ್ಲಿನ ಹಮಾಲರಿಗೆಲ್ಲ ಸಿಹಿ ಹಂಚಿಕೆಯಾಯಿತು.

ದಾಕ್ಷಾಯಿಣಿ ಅಪ್ಪನ ಮುಂದೆ ನಿಂತು ವಾದಕ್ಕಿಳಿದಳು.

"ಅಪ್ಪಾಜಿ, ದೇಶ ದೇಶಗಳ ಒಪ್ಪಂದಕ್ಕೂ ಒಂದು ನಿಯಮ ಐತೆ. ವಿಯೆನ್ನಾದಲ್ಲಿ ಎಲ್ಲಾರೂ ಸೇರಿ ಮಾಡಿದ್ದು. ತಪ್ಪು ತಿಳ್ಕೊಂಡು ಕೊಟ್ಟ ಒಪ್ಪಿಗೆ ಒಪ್ಪಿಗೆ ಅಲ್ಲ. ಅವ್ವ ಅವರನ್ನ ರೈತ ಅಂದ್ಕೊಂಡು ಇಕ್ಕಿದ್ಲು. ಅವರು ಹಸಿವಾಗಿ ಉಂಡ್ರು."

ಏಕಾಂತಪ್ಪ ಗಂಭೀರವಾಗಿ ಕೇಳಿಸಿಕೊಂಡರು. "ವಿಯೆನ್ನಾದಾಗೆ ಮುದ್ದೆ ಉಣ್ತಾರೇನವ್ವ?"

"ಇಲ್ಲ..."

"ಮತ್ತೆ ಅವರಿಗೇನು ಗೊತ್ತು ಬಿಡು."

ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಚಿನ್ನದ ಪದಕ ಪಡೆದ ಹುಡುಗಿ ತನ್ನ ಮನೆಯ ಹಜಾರದಲ್ಲಿ ಸೋತುಹೋದಳು!

ಆದರೆ ದಾರಿಯೊಂದಿತ್ತು. ಗಂಡಿನ ಮನೆ ನೋಡಲು ಹೆಣ್ಣಿನ ಕಡೆಯವರು ಹೋಗುವ ಶಾಸ್ತ್ರ ಇನ್ನೂ ಬಾಕಿಯಿತ್ತು. ಅಲ್ಲಿ ಇವರು ಉಣ್ಣದೆ ಎದ್ದು ಬಂದರೆ ಆದ ಒಪ್ಪಿಗೆಯೂ ಮುರಿದಂತೆ. ಮರುದಿನವೇ ದಾಕ್ಷಾಯಿಣಿ ಬಸ್ ಸ್ಟ್ಯಾಂಡಿನ ಎಸ್.ಟಿ.ಡಿ. ಬೂತಿಗೆ ಹೋಗಿ ಮೊಳಕಾಲ್ಮುರಿನಲ್ಲಿದ್ದ ಅವನ ರೇಷ್ಮೆ ಸೀರೆ ಅಂಗಡಿಗೆ ಫೋನ್ ಮಾಡಿದಳು.

"ಓಂಕಾರಮೂರ್ತಿಯವ್ರಾ? ಉಣ್ಣದೆ ಎದ್ದು ಬರೋಕೆ ನಿಮ್ಮ ಮನೇಲಿ ನಾನೊಂದು ಕೊರತೆ ಹುಡುಕ್ಬೇಕು. ಏನೈತೆ ಹೇಳ್ರಿ."

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ನಾನು ಗೊರಕೆ ಹೊಡೀತೀನಿ ರೀ."

"ಅದು ಹಗಲೊತ್ತು ಮನೆ ನೋಡೋಕೆ ಬಂದೋರಿಗೆ ಕಾಣಲ್ಲ!"

"ಹಾಗಾದ್ರೆ ಮಧ್ಯಾಹ್ನ ಮಲ್ಕೊಂಡಿರ್ಲಾ?"

ಅವಳು ನಕ್ಕಳು. ನಗಬಾರದೆಂದುಕೊಂಡೇ ನಕ್ಕಳು. ಬೂತಿನವನು ತಿರುಗಿ ನೋಡಿದಾಗ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಅಂದಿನಿಂದ ಅವಳಿಗೆ ಫೋನ್ ಮಾಡಲು ದಿನವೂ ಒಂದು ನೆಪ ಬೇಕಾಯಿತು. ಮನೆಯಲ್ಲಿ ಕೊರತೆ ಹುಡುಕುವ ಕೆಲಸ ಹಿಂದೆ ಬಿತ್ತು. ಅವನು ಅವಳ ಓದಿನ ಬಗ್ಗೆ ಕೇಳತೊಡಗಿದ. ಒಂದು ದೇಶದ ಜೊತೆ ಉಳಿದ ದೇಶಗಳೆಲ್ಲ ವ್ಯಾಪಾರ ನಿಲ್ಲಿಸಿ ದಿಗ್ಬಂಧನ ಹಾಕಿದರೆ ಆ ದೇಶ ಬಗ್ಗುತ್ತದೆಯೇ ಎಂಬುದು ಅವಳ ಸಂಶೋಧನೆ.

"ಬಗ್ಗಲ್ಲ. ದೊಡ್ಡೋರು ಹಟ ಬಿಡಲ್ಲ, ಬಡವರು ಉಪವಾಸ ಬೀಳ್ತಾರೆ. ಅದನ್ನೇ ಬರೀತಿದೀನಿ," ಎಂದಳು.

"ನಮ್ಮ ಮಗ್ಗದೋರ್ಗೂ ಹಂಗೇ ರೀ. ಬೆಂಗಳೂರಿನ ಸಾಹುಕಾರ್ರು ಸೀರೆ ಬೇಡ ಅಂದ್ರೆ ಮೊದ್ಲು ಒಲೆ ಆರೋದು ನೇಯೋರ ಮನೇಲಿ. ನಾನು ನೇಯೋರ ಹತ್ರ ತೆಲುಗಲ್ಲಿ, ಸಾಹುಕಾರ್ರ ಹತ್ರ ಕನ್ನಡದಲ್ಲಿ ಮಾತಾಡಿ ಹೆಂಗೋ ಒಪ್ಪಿಸ್ತೀನಿ. ನೀವು ಬರ್ದಿದ್ದು ಮುಗಿದ್ಮೇಲೆ ನನಗೂ ಹೇಳ್ತೀರಾ?"

ಇಷ್ಟು ವರ್ಷಗಳಲ್ಲಿ ಊರಿನವರು ಯಾವಾಗ ಮುಗಿಯುತ್ತದೆ ಎಂದು ಕೇಳಿದ್ದರೇ ಹೊರತು, ಏನು ಬರೆಯುತ್ತಿದ್ದೀಯ ಎಂದು ಒಬ್ಬರೂ ಕೇಳಿರಲಿಲ್ಲ. 'ಇದೇನಿದು... ಬಿಡಿಸಿಕೊಳ್ಳೋಕೆ ಫೋನ್ ಮಾಡಿ ನಾನೇ ಸಿಕ್ಕಿಹಾಕಿಕೊಳ್ತಾ ಇದೀನಾ?'

ಆದರೆ ಅವನು ಬೇಡ ಎನ್ನಲು ಬಂದವನಲ್ಲವೇ? ಒಳ್ಳೆಯ ಮನಸ್ಸು, ಅದಕ್ಕೆ ಸಹಾಯ ಮಾಡುತ್ತಿದ್ದಾನೆ, ಅಷ್ಟೇ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮೊಳಕಾಲ್ಮುರಿನ ಮನೆಗೆ ಇವರು ಜೀಪು ತುಂಬ ಹೋದರು. ಗ್ರಹಚಾರ ನೋಡಿ, ಆ ಮನೆಯಲ್ಲಿ ಕೊರತೆಯೆಂಬುದೇ ಇರಲಿಲ್ಲ! ಬಾವಿಯಲ್ಲಿ ನೀರು, ಅಟ್ಟದ ಮೇಲೆ ಧಾನ್ಯ, ಒಳಗಿನಿಂದ ಮಗ್ಗದ ಸದ್ದು. ಓಂಕಾರಮೂರ್ತಿಯ ಅವ್ವ ಲಕ್ಷ್ಮೀದೇವಿ ಅವಳ ಕೆನ್ನೆ ಸವರಿ, "ಬಿಸಿಲಾಗೆ ಎಷ್ಟು ಸೊರಗೀಯವ್ವ," ಎಂದರು. ಎಲೆಯ ತುಂಬ ಹೋಳಿಗೆ ಬಂತು, ಮೇಲೆ ತುಪ್ಪ ಬಂತು. ಏಕಾಂತಪ್ಪನವರ ಕೈ ಆಗಲೇ ಹೋಳಿಗೆಯತ್ತ ಹೊರಟಿತ್ತು.

"ಅಪ್ಪಾಜಿ, ಮುಟ್ಬೇಡಿ!"

ಎಲ್ಲರೂ ಬೆಚ್ಚಿಬಿದ್ದರು. ದಾಕ್ಷಾಯಿಣಿ ನೇರವಾಗಿ ಓಂಕಾರಮೂರ್ತಿಯ ತಂದೆ ಜಂಬುಲಿಂಗಪ್ಪನವರ ಮುಂದೆ ನಿಂತಳು.

"ಮಾವಾರೇ, ಈ ಮನೆಗೆ ಬಂದ್ರೆ ನನ್ನ ಓದು ನಿಲ್ಲಿಸ್ಬೇಕು ಅಂದ್ರಂತೆ. ನಿಜಾನಾ?"

ಜಂಬುಲಿಂಗಪ್ಪ ಮೀಸೆ ತಿರುವಿದರು. "ನಿಜ. ಯಾರೋ ದೇಶದೋರು ಜಗಳ ಆಡಿದ್ರೆ ನಮ್ಮನೆ ಸೊಸೆ ಯಾಕೆ ತಲೆ ಕೆಡಿಸ್ಕೋಬೇಕು?"

"ಹಾಗಾದ್ರೆ ನಾವು ಉಣ್ಣಲ್ಲ. ತಪ್ಪು ತಿಳೀಬೇಡಿ."

ಹೇಳಿ ಮುಗಿಸುವಾಗ ಅವಳ ಕಣ್ಣು ಓಂಕಾರಮೂರ್ತಿಯನ್ನು ಹುಡುಕಿತು. ತಡೆಯಬಾರದೇ... ಒಂದು ಮಾತು ಆಡಬಾರದೇ... ಅವನು ಕಂಬಕ್ಕೊರಗಿ ನಿಂತಿದ್ದ. ಅವನಿಗೂ ಅದೇ ಸಂಕಟ. ಆದರೆ ಯೋಜನೆಯಂತೆ ನಡೆಯುತ್ತಿದೆ, ಅಡ್ಡ ಬಂದರೆ ಅವಳ ಓದು ಕೆಡುತ್ತದೆ ಎಂದು ಹಲ್ಲು ಕಚ್ಚಿಕೊಂಡಿದ್ದ. ಅದು ಅವಳಿಗೆ ಹೇಗೆ ಗೊತ್ತಾಗಬೇಕು?

ಜೀಪು ಹೊರಟಿತು. ಅವಳು ಗೆದ್ದಿದ್ದಳು!

ದಾರಿಯಲ್ಲಿ ಪಕ್ಕದೂರು ಹಾನಗಲ್ ಬರುವಷ್ಟರಲ್ಲಿ ಎಲ್ಲರ ಹೊಟ್ಟೆ ಚುರುಗುಟ್ಟುತ್ತಿತ್ತು. ಏಕಾಂತಪ್ಪ ಮುಖ ಊದಿಸಿಕೊಂಡೇ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿದರು. ಮೊದಲ ಬಜ್ಜಿ ಕಚ್ಚಿದ್ದೇ ತಡ, ದಾಕ್ಷಾಯಿಣಿಯ ಕಣ್ಣಿಂದ ದಳದಳ ನೀರು.

"ಖಾರ ಐತೇನೇ?" ಎಂದರು ಬಸವಲಿಂಗಮ್ಮ.

"ಹೂಂ ಅವ್ವ... ಭಾಳ ಖಾರ ಐತೆ," ಎಂದು ಅವಳು ಬಿಕ್ಕಿದಳು.

ಬಸವಲಿಂಗಮ್ಮ ತಮ್ಮ ಕೈಲಿದ್ದ ಬಜ್ಜಿಯ ರುಚಿ ನೋಡಿದರು. ಖಾರವೇ ಇರಲಿಲ್ಲ. ಮಗಳ ಮುಖವನ್ನೊಮ್ಮೆ ನೋಡಿ, ಅವಳ ಬೆನ್ನು ಸವರಿದರು. ಅದನ್ನು ಕಂಡ ಏಕಾಂತಪ್ಪ ಬೇರೆ ಕಡೆ ನೋಡುತ್ತಾ ಮೆಲ್ಲಗೆ ಹೇಳಿದರು. "ನಿನ್ನ ಕೇಳದೇ ಒಪ್ಕೊಂಡಿದ್ದು ನಂದೇ ತಪ್ಪವ್ವ. ಹೋಗು, ಓದು ಮುಗಿಸ್ಕೊಂಡು ಬಾ."

ಅವಳು ದಿಲ್ಲಿಗೆ ಹೋದಳು. ಮೊಳಕಾಲ್ಮುರಿನಿಂದ ಫೋನ್ ಬರಲಿಲ್ಲ. ಇವಳೂ ಮಾಡಲಿಲ್ಲ. 'ಬೇಡ ಅಂದವನಿಗೆ ನಾನ್ಯಾಕೆ ಮಾಡಲಿ?' ಎಂದು ಇವಳು. 'ಉಣ್ಣದೆ ಎದ್ದು ಹೋದವಳಿಗೆ ನಾನ್ಯಾಕೆ ತೊಂದರೆ ಕೊಡಲಿ?' ಎಂದು ಅವನು. ಇಬ್ಬರೂ ಕೂಡಿ ಮಾಡಿದ ನಾಟಕವನ್ನು ಇಬ್ಬರೂ ನಂಬಿಬಿಟ್ಟಿದ್ದರು!

ಮರುವರ್ಷ, ಅಂದರೆ ೧೯೯೭ರ ಬೇಸಿಗೆಯಲ್ಲಿ, ಅವಳು ಡಾಕ್ಟರ್ ದಾಕ್ಷಾಯಿಣಿಯಾಗಿ ಊರಿಗೆ ಬಂದಳು. ಹೈದರಾಬಾದಿನ ವಿಶ್ವವಿದ್ಯಾಲಯವೊಂದರಲ್ಲಿ ಅಧ್ಯಾಪಕಿಯ ಕೆಲಸವೂ ಸಿಕ್ಕಿತ್ತು. ಚಳ್ಳಕೆರೆಯ ಕಾಲೇಜೊಂದರಲ್ಲಿ ಸನ್ಮಾನ, ಆಮೇಲೆ ಅವಳ ಉಪನ್ಯಾಸ. ವಿಷಯ 'ಯುದ್ಧಗಳು ನಿಲ್ಲುವುದು ಹೇಗೆ?'

ಸಭಾಂಗಣ ತುಂಬಿತ್ತು. ಉಪನ್ಯಾಸ ಮುಗಿದ ಮೇಲೆ ಪರಶುರಾಂಪುರದ ಚಿನ್ನಯ್ಯ ಎದ್ದು ನಿಂತ. "ಅದೆಲ್ಲ ಸರಿ ತಾಯಿ, ನಮ್ಮ ಈರುಳ್ಳಿ ಹೊರದೇಶಕ್ಕೆ ಯಾವಾಗ ಬಿಡ್ತಾರೆ?"

ಸಭೆಯೆಲ್ಲ ಗೊಳ್ಳೆಂದಿತು. ಅವಳೂ ನಗುತ್ತಾ ತಲೆ ಎತ್ತಿದಳು. ನಗು ಅಲ್ಲೇ ನಿಂತಿತು.

ಬಾಗಿಲ ಬಳಿ ಓಂಕಾರಮೂರ್ತಿ!

"ನಂದೂ ಒಂದು ಪ್ರಶ್ನೆ ಐತೆ ಮೇಡಂ." ಅವನ ದನಿ ಒಡೆದಿತ್ತು. "ಎರಡೂ ಕಡೆಯೋರಿಗೂ ಮನಸ್ಸೈತೆ ಅಂದ್ಕೊಳ್ಳಿ. ಆದ್ರೆ ಇಬ್ರೂ ಬಾಯಿ ಬಿಡ್ದೇ ಕೂತವ್ರೆ. ಆವಾಗ ಏನ್ ಮಾಡ್ಬೇಕು?"

ಎರಡೂ ಕಡೆಯವರಿಗೂ... ಅಂದರೆ ಅವನಿಗೂ?

"ಅದು... ಅಂಥ ಸಂದರ್ಭಗಳಲ್ಲಿ... ಪರಸ್ಪರ ವಿಶ್ವಾಸ ವೃದ್ಧಿಯ ಕ್ರಮಗಳ ಮೂಲಕ, ಹಂತ ಹಂತವಾಗಿ..." ಎಂದು ಶುರುಮಾಡಿದವಳು ನಡುವೆಯೇ ತಡೆದಳು. ಒಂದು ವರ್ಷ ಹಂತ ಹಂತವಾಗಿ ಅತ್ತಿದ್ದು ಸಾಲದೇ?

"ಯಾರಾದ್ರೂ ಒಬ್ರು ಮೊದ್ಲು ಹೇಳ್ಬೇಕು," ಎಂದಳು. "ನಾನೇ ಹೇಳ್ತೀನಿ. ಓಂಕಾರಮೂರ್ತಿಯವ್ರೇ, ನನಗೆ ನೀವು ಬೇಕು. ನನ್ನ ಕೆಲಸಾನೂ ಬೇಕು. ಎರಡೂ ಬೇಕು!"

ಮೈಕು ಅದನ್ನು ಅಂಗಳದ ಕೊನೆಯವರೆಗೂ ಮುಟ್ಟಿಸಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಏಕಾಂತಪ್ಪ ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಬಸವಲಿಂಗಮ್ಮ ಪಕ್ಕದವರ ಕೈ ಹಿಡಿದು, "ನಮ್ಮ ಹುಡುಗೀನೇ," ಎಂದರು. ಪ್ರಿನ್ಸಿಪಾಲರು ಗಾಬರಿಯಲ್ಲಿ ವಂದನಾರ್ಪಣೆ ಶುರುಮಾಡಿಬಿಟ್ಟರು!

ಹೊರಗೆ ಬೇವಿನ ಮರದ ನೆರಳಲ್ಲಿ ಇಬ್ಬರೂ ನಿಂತರು. ತುಸು ದೂರದಲ್ಲಿ ಅರ್ಧ ಊರು ನಿಂತಿತ್ತು, ಏನೂ ಕೇಳಿಸಿಕೊಳ್ಳದವರಂತೆ.

"ನಿಮ್ಮಪ್ಪ?" ಎಂದಳು ದಾಕ್ಷಾಯಿಣಿ ಅಳುಕುತ್ತಾ.

"ಷರತ್ತು ವಾಪಸ್ ತಗೊಂಡವ್ರೆ. ನೀವು ಎದ್ದು ಹೋದ್ಮೇಲೆ ನಮ್ಮವ್ವ ಅಪ್ಪಂಗೆ ಕಾಫಿ ನಿಲ್ಲಿಸಿಬಿಟ್ಲು. ಆ ಹುಡುಗಿ ಓದಿದ್ರೆ ನಿಮಗೇನು ಕಷ್ಟ ಹೇಳ್ರಿ, ಆಮೇಲೆ ಕಾಫಿ ಅಂತ. ಅಪ್ಪ ಹೋಟ್ಲಿಗೆ ಹೋಗಿ ಕುಡಿದು ನೋಡಿದ್ರು. ಆಗ್ಲಿಲ್ಲ. ಮೊನ್ನೆ ಸೋತ್ರು."

"ಅಯ್ಯೋ! ದಿಗ್ಬಂಧನದಿಂದ ಏನೂ ಆಗಲ್ಲ ಅಂತ ನಾನೂರು ಪುಟ ಬರ್ದಿದೀನಲ್ರೀ!"

"ಆ ದೇಶದೋರು ಯಾರೂ ನಮ್ಮವ್ವನ ಕಾಫಿ ಕುಡ್ದಿರ್ಲಿಲ್ಲ ಬಿಡ್ರಿ."

ಅವಳು ಮನಸಾರೆ ನಕ್ಕಳು. ಆಮೇಲೆ ನಗು ಮೆಲ್ಲಗೆ ಇಳಿಯಿತು. "ನನ್ನ ಕೆಲಸ ಹೈದರಾಬಾದಿನಲ್ಲಿ ಐತೆ. ನಿಮ್ಮ ಮಗ್ಗ ಇಲ್ಲೈತೆ..."

"ಅಲ್ಲೊಂದು ಅಂಗಡಿ ಹಾಕ್ತೀನಿ. ಹೈದರಾಬಾದಿನೋರೂ ಸೀರೆ ಉಡ್ತಾರೆ. ತಿಂಗಳಲ್ಲಿ ಅರ್ಧ ಇಲ್ಲಿ, ಅರ್ಧ ಅಲ್ಲಿ. ನಾನು ಓಡಾಡ್ತೀನಿ. ನೀವು ಪಾಠ ಮಾಡ್ರಿ."

"ಕಷ್ಟ ಆಗ್ತದೆ."

"ಆಗ್ತದೆ. ಈ ವರ್ಷದಷ್ಟು ಕಷ್ಟ ಆಗಲ್ಲ."

ಅವಳ ಕಣ್ಣು ತುಂಬಿತು. ಈ ಸಲ ಮರೆಮಾಡಲು ಅವಳು ಯಾವ ನೆಪವನ್ನೂ ಹುಡುಕಲಿಲ್ಲ.

"ಜಗಳ ಬಂದ್ರೆ ಮಧ್ಯಸ್ಥಿಕೆಗೆ ಯಾರನ್ನ ಕರೆಯೋದು?" ಎಂದ ಅವನು.

"ಯಾರೂ ಬೇಡ. ನಿಮಗೇನಿದ್ರೂ ನನಗೇ ಹೇಳ್ರಿ. ನನಗೇನಿದ್ರೂ ನಿಮಗೇ ಹೇಳ್ತೀನಿ. ಆದ್ರೆ ನೀವಿನ್ನೂ ಹೇಳೇ ಇಲ್ಲ."

"ಏನು?"

"ನಾನು ಮೈಕಲ್ಲಿ ಹೇಳಿದ್ದು!"

ಓಂಕಾರಮೂರ್ತಿಯ ಕಿವಿ ಕೆಂಪಾಯಿತು. ಸುತ್ತ ನೋಡಿದ. "ಜನ ಅವ್ರೆ ರೀ..."

"ಇರ್ಲಿ."

ಅವನು ಒಂದು ಹೆಜ್ಜೆ ಹತ್ತಿರ ಬಂದ. "ನನಗೂ ನೀವೇ ಬೇಕು ದಾಕ್ಷಾಯಿಣಿ. ನೀವು ಫೋನಲ್ಲಿ ಮೊದಲ್ನೇ ಸಲ ನಕ್ಕಿರಲ್ಲ, ಆವತ್ತಿಂದ."

ಅವಳು ತಲೆ ತಗ್ಗಿಸಿದಳು.

"ಇನ್ನೊಂದ್ಸಲ ಹೇಳ್ರಿ."

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು," ಎಂದಳು ದಾಕ್ಷಾಯಿಣಿ. "ಆದ್ರೂ ಹೇಳ್ರಿ."

ಅವನು ಮತ್ತೆ ಹೇಳಿದ.